ಕುಂಭದಲ್ಲಿ ಅರಳಿದ ಕಕ್ಕೆ

ಕಕ್ಕೆ ಮರಕ್ಕೆ ಪಂಚಾಂಗ ಓದಲು ಬರುವುದಿಲ್ಲ. ತಿರುವನಂತಪುರದ ಕೇಂದ್ರದವರಿಗೆ ಪಂಚಾಂಗ ಬಿಟ್ಟು ಬೇರೇನನ್ನೂ ಓದಲು ಬರುವುದಿಲ್ಲ. ಸುಮತಿ ಇವೆರಡರ ನಡುವೆ ಬಂದು ನಿಂತದ್ದು ಗಂಡ ಸತ್ತ ಮೇಲೆ.

ಗಂಡ ಅಜಿತ್ ಕಾಸರಗೋಡಿನ ಕನ್ನಡಿಗ, ಆ ಕೇಂದ್ರದ ಕ್ಷೇತ್ರ ಸಹಾಯಕನಾಗಿದ್ದ. ಯಾವ ಗಿಡ ಯಾವಾಗ ಹೂ ಬಿಡುತ್ತದೆ ಎಂದು ಬರೆದಿಡುವುದು ಆ ಸರ್ಕಾರಿ ಕೇಂದ್ರದ ಕೆಲಸ. ಅಜಿತನ ಪಾಲಿಗೆ ಬಂದದ್ದು ಕೊಚ್ಚಿಯ ಕಕ್ಕೆ ಮರಗಳು. ಇಲ್ಲಿಯವರ ಬಾಯಲ್ಲಿ ಕಣಿಕ್ಕೊನ್ನ. ಏಪ್ರಿಲ್ ನಡುವೆ ಬರುವ ವಿಷುವಿನ ದಿನ ಎದ್ದೊಡನೆ ನೋಡುವ ಕಣಿಯಲ್ಲಿ ಈ ಹಳದಿ ಹೂವಿಲ್ಲದಿದ್ದರೆ ಕೇರಳಕ್ಕೆ ವರ್ಷವೇ ಹುಟ್ಟುವುದಿಲ್ಲ. ಕಳಮಶ್ಶೇರಿಯಿಂದ ತ್ರಿಪ್ಪುಣಿತ್ತುರದವರೆಗೆ ಮೂವತ್ತೊಂದು ಮರಗಳಿಗೆ ಅಜಿತ್ ನಂಬರಿನ ತಗಡು ಹೊಡೆದಿದ್ದ. ಪ್ರತಿ ಸೋಮವಾರ ಸ್ಕೂಟರಿನಲ್ಲಿ ಸುತ್ತಿ ಮೊಗ್ಗು, ಹೂವು, ಕಾಯಿ, ಎಲೆ ಎಂದು ನಾಲ್ಕು ಕಾಲಮ್ಮುಗಳಲ್ಲಿ ಬರೆಯುತ್ತಿದ್ದ. ಉಳಿದ ಜಿಲ್ಲೆಗಳವರು ಹಾಗೆಲ್ಲ ಬಿಸಿಲಿಗೆ ಇಳಿಯುತ್ತಿರಲಿಲ್ಲ. ಕಕ್ಕೆ ಹೂ ಬಿಡುವುದು ಮೀನ ತಿಂಗಳಲ್ಲಿ, ಅಂದರೆ ಮಾರ್ಚ್ ಅರ್ಧ ಕಳೆದ ಮೇಲೆ, ಎಂದು ಹುಟ್ಟಿದಾಗಿನಿಂದ ಗೊತ್ತಿದ್ದುದನ್ನು ಫ್ಯಾನಿನ ಕೆಳಗೆ ಕೂತು ಬರೆದು ಕಳಿಸುತ್ತಿದ್ದರು. ಕೇಂದ್ರ ಅಚ್ಚು ಹಾಕಿಸಿದ ಫಾರ್ಮೂ ಅಂಥದೇ. ಕಕ್ಕೆಯ ಪುಟ ಮೀನ ಒಂದನೇ ತಾರೀಕಿನಿಂದ ಶುರು. ಅದರ ಹಿಂದಿನ ಕುಂಭ ತಿಂಗಳಿಗೆ ಜಾಗವೇ ಇರಲಿಲ್ಲ. ಕುಂಭದಲ್ಲಿ ಅರಳಿದ ಹೂವನ್ನು ‘ರೋಗ’ ಎಂಬ ಕೊನೆಯ ಕಾಲಮ್ಮಿನಲ್ಲಿ ಬರೆಯಬೇಕೆಂದು ಸುತ್ತೋಲೆ ಬಂದಿತ್ತು.

ಅಜಿತ್ ಹಾಗೆ ಬರೆಯಲಿಲ್ಲ. ನೀಲಿ ರಟ್ಟಿನ ಒಂದು ನೋಟುಬುಕ್ಕು ಕೊಂಡು ಅದರಲ್ಲಿ ಬರೆದ, ತಾರೀಕುಗಳನ್ನಷ್ಟೇ ಪಟ್ಟಿ ಮಾಡಿ ಕೇಂದ್ರಕ್ಕೆ ಕಳಿಸಿದ. ಅವನೇನು ಮಹಾ ಧೀರನಲ್ಲ. ಫಾರ್ಮಿನಲ್ಲಿ ಜಾಗವಿಲ್ಲದ್ದನ್ನು ಎಲ್ಲಿ ಬರೆಯುವುದೆಂದು ತಿಳಿಯದೆ ಬೇರೆ ಪುಸ್ತಕ ಕೊಂಡವನು, ಅಷ್ಟೆ. ಮದುವೆಯಾದ ಮೂರು ವರ್ಷವೂ ಊಟಕ್ಕೆ ಕೂತಾಗ ಮೊಗ್ಗಿನ ಮಾತನ್ನೇ ಆಡಿ ಹೆಂಡತಿಗೆ ಬೇಸರ ಹಿಡಿಸಿದ್ದ. ಹೋದ ಆಗಸ್ಟಿನಲ್ಲಿ ಎಡಪ್ಪಳ್ಳಿಯ ತಿರುವಿನಲ್ಲಿ ಮರಳು ತುಂಬಿದ ಟಿಪ್ಪರ್ ಅವನ ಸ್ಕೂಟರಿಗೆ ಬಡಿಯಿತು. ಆ ದಿನ ತಾನು ಅತ್ತೆನೋ ಇಲ್ಲವೋ ಸುಮತಿಗೆ ನೆನಪಿಲ್ಲ. ಕೇಂದ್ರದವರು ತಂದಿಟ್ಟ ಹೂಚಕ್ರದ ಹೂಗಳು ಪ್ಲಾಸ್ಟಿಕ್ಕಿನವಾಗಿದ್ದವು, ಅದು ಮಾತ್ರ ನೆನಪಿದೆ.

ಈಗ ಕೇಂದ್ರಕ್ಕೆ ಆ ನೋಟುಬುಕ್ಕು ಬೇಕಾಗಿತ್ತು. ವಿಷುವಿನ ಮುನ್ನಾದಿನ ‘ಹೂವಿನ ಪಂಚಾಂಗ’ ಎಂಬ ಬಣ್ಣದ ಪುಸ್ತಕದ ಬಿಡುಗಡೆ. ಎಲ್ಲ ಜಿಲ್ಲೆಗಳ ತಾರೀಕುಗಳೂ ಕವಾಯತಿಗೆ ನಿಂತ ಪೊಲೀಸರ ಹಾಗೆ ಒಂದೇ ಸಾಲಿನಲ್ಲಿದ್ದವು, ಅಜಿತ್ ಕಳಿಸಿದ್ದ ಕೊಚ್ಚಿಯವು ಬಿಟ್ಟು. ದೆಹಲಿಯಲ್ಲಿ ಹಸ್ತಪ್ರತಿ ಓದಿದ ಯಾರೋ ಒಬ್ಬರು, ಕೊಚ್ಚಿಯ ಮರಗಳು ಹೋದ ವರ್ಷ ತಿಂಗಳು ಮೊದಲೇ ಅರಳಿದ್ದು ಯಾಕೆ, ಮೂಲ ದಾಖಲೆ ಕಳಿಸಿ, ಎಂದು ಕೇಳಿಬಿಟ್ಟಿದ್ದರು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಅನಂತರಾಮರು ಸುಮತಿಯ ಹೆಸರಿನಲ್ಲಿ ಒಂದು ಪತ್ರ ಟೈಪು ಮಾಡಿಸಿ ಅವಳಿಗೇ ಕಳಿಸಿದರು. ‘ನನ್ನ ದಿವಂಗತ ಪತಿ ಕನ್ನಡಿಗರಾದ್ದರಿಂದ ಮಲಯಾಳ ತಿಂಗಳುಗಳ ಪರಿಚಯ ಸಾಲದೆ, ಮೀನ ಎನ್ನಬೇಕಾದಲ್ಲಿ ಕುಂಭ ಎಂದು ಬರೆದಿದ್ದಾರೆ. ತಿದ್ದಿಕೊಳ್ಳಲು ನನ್ನ ಒಪ್ಪಿಗೆಯಿದೆ.’ ಕೆಳಗೆ ಅವಳ ಸಹಿಗೆ ಚುಕ್ಕಿಯ ಗೆರೆ. ಮೂಲೆಯಲ್ಲಿ ಪೆನ್ಸಿಲಿನಿಂದ: ಅನುಕಂಪದ ನೌಕರಿಯ ನಿನ್ನ ಆದೇಶ ನನ್ನ ಮೇಜಿನ ಮೇಲುಂಟು. ನೋಟುಬುಕ್ಕು ತೆಗೆದುಕೊಂಡು ಬಾ, ಎರಡೂ ಒಂದೇ ದಿನ ಮುಗಿಸುವ.

ಕಾಸರಗೋಡಿನವನಿಗೆ ಕುಂಭ, ಮೀನ ಗೊತ್ತಿಲ್ಲವಂತೆ! ಅಲ್ಲಿಯ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲೂ ಇದೇ ಸಂಕ್ರಮಣದ ತಿಂಗಳುಗಳು. ಅವರೂ ಇದೇ ದಿನ ಬಿಸು ಎಂದು ಕಣಿ ಇಡುವವರು. ಅನಂತರಾಮರ ಊರಾದರೂ ಯಾವುದು? ಅದೇ ಕಾಸರಗೋಡಿನ ಕುಂಬಳೆಯಿಂದ ಎರಡು ಮೈಲಿ. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು ಎಂದುಕೊಂಡಳು ಸುಮತಿ.

ಆದರೂ ಹೊರಟಳು. ಕಾಕ್ಕನಾಡಿನ ಕಂಪನಿಯಲ್ಲಿ ಅವಳದು ತಾತ್ಕಾಲಿಕ ಕೆಲಸ, ಮಾರ್ಚಿಗೆ ಮುಗಿಯುವುದು. ತ್ರಿಪ್ಪುಣಿತ್ತುರದ ಬಾಡಿಗೆ ಮನೆಯಲ್ಲಿ ಅವಳ ಜೊತೆ ಇರುವುದು ಅತ್ತೆ ದಾಕ್ಷಾಯಣಿ. ಹೊರಡುವ ಬೆಳಿಗ್ಗೆ ಅತ್ತೆ ಬಾಗಿಲಿಗೆ ಬಂದು ನಿಂತರು.

“ಸುಮ್ಮನೆ ಸಹಿ ಹಾಕಿ ಬಾ. ಸತ್ತವನಿಗೆ ಅದರಿಂದ ಎಂತ ನೋವು?”

“ಸುಳ್ಳಲ್ವಾ ಅತ್ತೆ ಅದು?”

“ಅವನು ಇದ್ದಾಗ ಆ ಹೂವಿನ ಪುರಾಣ ಹೇಳ್ತಾ ಕೂತ್ರೆ ನೀನು ಆಕಳಿಸ್ತಾ ಇದ್ದಿ. ನಾನು ನೋಡಿದ್ದೇನೆ. ಈಗ ಎಂತ ಹೊಸ ಭಕ್ತಿ?”

ಸುಮತಿ ಚಪ್ಪಲಿ ಮೆಟ್ಟಿಕೊಂಡಳು. ಅತ್ತೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಂಥ ಕೆಲಸಕ್ಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟ ತನ್ನ ಬಗ್ಗೆಯೂ ಅವಳಿಗೆ ಹೇಸಿಗೆಯಾಯಿತು.

ಎರಡು ಸಾವಿರದ ಏಳನೇ ಇಸವಿ, ಫೆಬ್ರವರಿ ಹತ್ತೊಂಬತ್ತು, ಸೋಮವಾರ. ರೈಲು ಎರ್ನಾಕುಲಂ ಬಿಡುವಾಗ ಇನ್ನೂ ಬೆಳಕು ಹರಿದಿರಲಿಲ್ಲ, ಆಗಲೇ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಆ ವರ್ಷ ಮಕರ ತಿಂಗಳಿನ ತಂಪೇ ಬಂದಿರಲಿಲ್ಲ. ಕೋಟ್ಟಯಂ ದಾಟುವಾಗ ಬಿಸಿಲು ಏರಿತು. ಮಾವಿನ ಹೂವು ಕಾಯಿಗಟ್ಟುವ ಮೊದಲೇ ಕಪ್ಪಾಗಿ ಉದುರಿ, ಹಿತ್ತಿಲುಗಳಲ್ಲಿ ಕಾಫಿ ಚರಟ ಚೆಲ್ಲಿದಂತೆ ಬಿದ್ದಿತ್ತು. ಹಲಸಿನ ಎಳೆಗಾಯಿಗಳು ಬೊಡ್ಡೆಯಲ್ಲೇ ಸುಕ್ಕುಗಟ್ಟಿದ್ದವು. ಚೆಂಗನ್ನೂರಿನಾಚೆ ಒಂದು ಮನೆಯ ಹಿಂದೆ ಕಕ್ಕೆ ಮರವೊಂದು ಎಲೆಯೆಲ್ಲ ಕಳಚಿಕೊಂಡು ಬುಡದಿಂದ ತುದಿಯವರೆಗೆ ಹಳದಿಯಾಗಿ ನಿಂತಿತ್ತು.

“ಅದೋ, ಕೊನ್ನ ಹೂ ಬಿಟ್ಟಿದೆ!” ಎಂದಳು ಎದುರು ಸೀಟಿನ ಹೆಂಗಸು.

ಪಕ್ಕದಲ್ಲಿದ್ದ ಅವಳ ಗಂಡ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ವಿಷುವಿಗೆ ಇನ್ನೂ ಎರಡು ತಿಂಗಳಿದೆ, ಅದು ಬೇರೆ ಯಾವುದೋ ಮರ, ಎಂದು ಮಲಯಾಳದಲ್ಲಿ ಹೇಳಿದ. ಹೆಂಗಸು ಇನ್ನೊಮ್ಮೆ ಹೊರಗೆ ನೋಡಿ, ಹೌದೌದು, ಬೇರೆ ಯಾವುದೋ, ಎಂದಳು. ಅವಳ ಕಣ್ಣು ಚೆನ್ನಾಗಿಯೇ ಇತ್ತು. ಅದನ್ನು ನಂಬುವ ಅಭ್ಯಾಸ ಮಾತ್ರ ಇರಲಿಲ್ಲ.

ಸುಮತಿ ಕಳಮಶ್ಶೇರಿಯ ಕ್ಯಾಂಪಸ್ಸಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಐದು ವರ್ಷದ ತಾರೀಕುಗಳಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗೆಂದು ಅಜಿತನಿಗೂ ಹೇಳಿದ್ದಳು. “ಸಾಬೀತು ಮಾಡುವವ ಬೇರೆ ಇದ್ದಾನೆ. ನಾನು ಬರೀ ಬರೆಯುವವ,” ಎಂದು ಅವನು ಉಪ್ಪಿನಕಾಯಿ ಬಡಿಸಿಕೊಂಡಿದ್ದ.

ಕೇಂದ್ರ ಇದ್ದದ್ದು ಕೌಡಿಯಾರಿನ ಒಂದು ಹಳೆಯ ಬಂಗಲೆಯಲ್ಲಿ. ಆಟೋ ಇಳಿದು ಗೇಟು ದಾಟಿದರೆ, ಅಂಗಳದ ಕಕ್ಕೆ ಮರಕ್ಕೆ ಏಣಿ ಒರಗಿಸಿಕೊಂಡು ತೋಟಗಾರ ಕೆಂಪಣ್ಣ ದೋಟಿಯಿಂದ ಹೂಗೊಂಚಲುಗಳನ್ನು ಎಳೆದೆಳೆದು ಕೆಡವುತ್ತಿದ್ದ. ಕೆಳಗೆ ಗೋಣಿಚೀಲ ಅರ್ಧ ತುಂಬಿತ್ತು. ಮಂಡ್ಯದ ಕಡೆಯವನು, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಅವನ ಕನ್ನಡಕ್ಕೆ ಸಮುದ್ರದ ಗಾಳಿ ತಾಕಿರಲಿಲ್ಲ. ಅಜಿತನ ಹೆಂಡತಿಯ ಗುರುತು ಹಿಡಿದು ಏಣಿಯ ಮೇಲಿಂದಲೇ ಕೈಮುಗಿದ. “ಓಗಿ ತಾಯಿ, ಒಳಗವ್ರೆ. ಇವತ್ತು ಮೂಡು ಚೆಂದಾಗದೆ.”

ಅನಂತರಾಮರ ಕೋಣೆಯಲ್ಲಿ ದಪ್ಪ ಪರದೆಗಳು ಇಳಿದಿದ್ದವು. ಏಸಿ ಗೊರಗುಟ್ಟುತ್ತಿತ್ತು.

“ಬಾ, ಬಾ, ಸುಮತಿ. ಎಂತ ಸೆಕೆ ಮಾರಾಯ್ತಿ! ಕುಂಭ ತಿಂಗಳಾ ಇದು? ಹದಿನೆಂಟಕ್ಕೆ ಇಟ್ರೂ ಬೆವರು ಬಿಡುದಿಲ್ಲ.”

“ಈ ಸೆಕೆ ನಿಮ್ಮ ಪಂಚಾಂಗದಲ್ಲಿ ಉಂಟಾ ಸರ್?”

“ಹ್ಹೆ ಹ್ಹೆ! ಅಜಿತನ ಹೆಂಡತಿಯೇ ಸೈ.” ಅವರು ಬೆಲ್ಲು ಒತ್ತಿ ಕಾಫಿ ಹೇಳಿದರು. “ನೋಡು, ನೀನು ನಮ್ಮ ಊರಿನ ಹುಡುಗಿ. ನನಗೆ ಮಗಳ ಹಾಗೆ. ಇದರಲ್ಲಿ ಅಜಿತನ ಮರ್ಯಾದೆಗೆ ಎಂತದೂ ಆಗುದಿಲ್ಲ. ಕನ್ನಡದವ, ಪಾಪ, ಇಲ್ಲಿಯ ತಿಂಗಳು ಗೊತ್ತಾಗ್ಲಿಲ್ಲ ಅಂದ್ರೆ ದೆಹಲಿಯವರು ಎರಡನೇ ಪ್ರಶ್ನೆ ಕೇಳುದಿಲ್ಲ.”

“ನಿಮಗೆ ಗೊತ್ತಾಯ್ತಲ್ಲ ಸರ್? ನೀವೂ ಕನ್ನಡದವರೇ.”

“ನಾನು ಪಿಎಚ್‌ಡಿ ಅಲ್ವಾ,” ಎಂದರು ಅವರು. ತಮಾಷೆ ಮಾಡುತ್ತಿರಲಿಲ್ಲ.

ನೋಟುಬುಕ್ಕು ತೆಗೆದುಕೊಂಡು ಅವರು ಎಂಜಲು ಬೆರಳಿನಿಂದ ಹಾಳೆ ಮಗುಚಿದರು. ಹೋದ ವರ್ಷದ ಹದಿನೇಳನೇ ಮರದ ಪುಟದಲ್ಲಿ ನಿಂತರು. “ಇದೇ ನೋಡು. ತ್ರಿಪ್ಪುಣಿತ್ತುರದ ಮರ. ಕುಂಭ ಎಂಟು, ಹೂವು, ಗೊಂಚಲು ಹನ್ನೊಂದು. ಎಲ್ಲ ಮರಕ್ಕಿಂತ ಮೊದಲು ಇದೇ. ಗಲಾಟೆ ಶುರುವಾದದ್ದೂ ಇದರಿಂದ. ಅಕ್ಷರ ನೋಡು, ಹೇಗೆ ವಾಲಿಕೊಂಡು ಓಡ್ತದೆ! ಅವನ ಅಕ್ಷರ ಮುತ್ತಿನ ಹಾಗೆ ಇತ್ತು. ಆಗಲೇ ತಲೆ ಸ್ವಲ್ಪ ಸರಿ ಇರಲಿಲ್ವೋ ಏನೋ ಪಾಪ.”

“ಅದು ನನ್ನ ಅಕ್ಷರ ಸರ್.”

ಹೋದ ಫೆಬ್ರವರಿಯಲ್ಲಿ ಅಜಿತ್ ಜ್ವರದಿಂದ ಮಲಗಿದ್ದ. ಸೋಮವಾರ ತಪ್ಪಬಾರದೆಂದು ಬೆಳಗಿನಿಂದ ಗೋಗರೆದ. ಹತ್ತಿರದ್ದು ಒಂದಾದರೂ ನೋಡಿ ಬಾ, ಕೆರೆಯ ಪಕ್ಕದ್ದು ಎಂದ. ಅವಳು ಸಿಡುಕುತ್ತ ಹೋಗಿದ್ದಳು. ತಗಡಿನ ಮೇಲಿನ ನಂಬರು ನೋಡಿ, ತಲೆ ಎತ್ತಿ, ಗೊಂಚಲುಗಳನ್ನು ಎಣಿಸಿ ಬರೆದಿದ್ದಳು. ಬರೆದಾದ ಮೇಲೆ ಇನ್ನೊಮ್ಮೆ ಎಣಿಸಿದ್ದಳು. ಎರಡನೆಯ ಸಲ ಎಣಿಸಬೇಕಾದ ಅಗತ್ಯ ಏನೂ ಇರಲಿಲ್ಲ. ಮನೆಗೆ ಹೋಗಿ ಅದನ್ನು ಗಂಡನಿಗೆ ಹೇಳಲೂ ಇಲ್ಲ.

ಅನಂತರಾಮರು ಪುಟದಿಂದ ತಲೆ ಎತ್ತಿದರು. ಆಮೇಲೆ ಅವರ ಮುಖ ಬಿರಿಯಿತು.

“ಅಯ್ಯೋ, ಇದು ಮೊದಲೇ ಹೇಳುದಲ್ವಾ! ಎಷ್ಟು ಸುಲಭ ಆಯ್ತು ನೋಡು. ಅಜಿತನ ಹೆಸರು ಎತ್ತುದೇ ಬೇಡ. ನೀನು ಸ್ಟಾಟಿಸ್ಟಿಕ್ಸ್, ಬಾಟನಿ ಅಲ್ಲ. ಯಾವುದೋ ಹಳದಿ ಹೂವಿನ ಮರ ನೋಡಿ ಕಕ್ಕೆ ಅಂದುಕೊಂಡೆ. ಹೆಂಗಸರಿಗೆ ಸಹಜ.”

“ಮರದಲ್ಲಿ ಹದಿನೇಳು ಅಂತ ತಗಡು ಇತ್ತು.”

“ತಗಡು ಬಿದ್ದಿರ್ತದೆ. ಯಾರೋ ಬೇರೆ ಮರಕ್ಕೆ ಹೊಡೆದಿರ್ತಾರೆ.”

“ಉಳಿದ ಮೂವತ್ತು ಮರ ಅಜಿತ್ ನೋಡಿದ್ದು.”

“ಒಂದು ತಪ್ಪು ಅಂತಾದ ಮೇಲೆ ಉಳಿದದ್ದೂ ತಪ್ಪೇ ಅಲ್ವಾ? ನೀನೇ ಲೆಕ್ಕ ಓದಿದವಳು.”

ಟೈಪಿಸ್ಟ್ ಬಂದಳು, ಹೋದಳು, ಕಾಫಿ ಆರುವ ಮೊದಲೇ ಹೊಸ ಪತ್ರ ತಂದಿಟ್ಟಳು. ತಿಂಗಳು ಗೊತ್ತಿಲ್ಲದ ಗಂಡ ಹೋಗಿ ಮರ ಗೊತ್ತಿಲ್ಲದ ಹೆಂಡತಿ ಬಂದಿದ್ದಳು. ಚುಕ್ಕಿಯ ಗೆರೆ ಮಾತ್ರ ಅಲ್ಲೇ ಇತ್ತು. ಪಕ್ಕದಲ್ಲಿ ಅನಂತರಾಮರು ನೌಕರಿಯ ಆದೇಶವನ್ನೂ ಇಟ್ಟರು. ಕಿರಿಯ ಸಹಾಯಕಿ, ಖಾಯಂ. ಅದರ ಮೇಲೆ ಪೇಪರ್‌ವೇಟು ಹೇರಿದರು, ಏಸಿ ಗಾಳಿಗೆ ಹಾರಿ ಅವಳ ಕಡೆ ಹೋಗದ ಹಾಗೆ.

ಮೊದಲಿನ ಪತ್ರಕ್ಕಾದರೆ ಅವಳು ಸಹಿ ಹಾಕುತ್ತಿದ್ದಳು. ಅದು ಅವಳಿಗೆ ರೈಲಿನಲ್ಲೇ ಗೊತ್ತಿತ್ತು. ಸತ್ತವನ ಹೆಸರಿನಲ್ಲಿ ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕಿಲ್ಲ, ಅಂಥವರು ಊರ ತುಂಬ ಇದ್ದಾರೆ. ಆದರೆ ಮೂರು ವರ್ಷದ ಸಂಸಾರದಲ್ಲಿ ಅವಳು ನಿಜವಾಗಿ ತಲೆ ಎತ್ತಿ ನೋಡಿದ್ದು ಅದೊಂದೇ ಮರ. ಅದನ್ನೂ ಇವರಿಗೆ ಬರೆದುಕೊಡಬೇಕಿತ್ತು.

“ಹೊರಗೆ ಕೂತು ಒಮ್ಮೆ ಓದ್ತೇನೆ ಸರ್. ಇಲ್ಲಿ ಕತ್ತಲೆ.”

“ಓದು, ಓದು, ನಿಧಾನ. ನೋಟುಬುಕ್ಕು ಇಲ್ಲಿರಲಿ.”

“ಹೊಂದಿಸಿ ನೋಡ್ಬೇಕಲ್ಲ,” ಎಂದು ಅವಳು ಅದನ್ನೂ ಎತ್ತಿಕೊಂಡಳು.

ಅಂಗಳದಲ್ಲಿ ಗೋಣಿಚೀಲ ತುಂಬಿತ್ತು. ಕೆಂಪಣ್ಣ ಏಣಿ ಇಳಿದು ಬೀಡಿ ಹುಡುಕುತ್ತಿದ್ದ.

“ಯಾಕೆ ಕೀಳ್ತಾ ಇದ್ದೀರಿ ಕೆಂಪಣ್ಣ?”

“ಆರ್ಡರ್ ಆಗದೆ ಕಣವ್ವಾ. ವಿಷುಗೆ ಪೆಂಡಾಲು ಈ ಮರದ ಕೆಳ್ಗೇ. ಫೋಟೋದಲ್ಲಿ ಹೂ ಬರಬೇಕಂತೆ. ಈಗ ಬಿಟ್ಟಿರಾದ್ನೆಲ್ಲ ಕಿತ್ತಾಕು, ಆವಾಗ ಹೊಸ್ದಾಗಿ ಬಿಡ್ತದೆ ಅಂದ್ರು ಅಯ್ನೋರು.”

“ಬಿಡ್ತದಾ?”

“ಏನ್ ಬಿಡ್ತದೆ? ಮಲ್ಗೆ ಗಿಡ ಚಿವುಟಿದಂಗಾ ಇದು? ಇನ್ನು ಬರೋದು ಸೊಪ್ಪು. ಅಂಗಂತ ಏಳ್ದೆ. ನೀನೇನು ಡಾಕ್ಟ್ರಾ ಅಂದ್ರು. ಅಲ್ಲ ಬುದ್ಧಿ ಅಂದೆ. ಅಲ್ವಲ್ಲ ಮತ್ತೆ?” ಅವನು ಚೀಲವನ್ನು ಕಾಲಿನಿಂದ ತಳ್ಳಿದ. “ಓದ್ ಸೋಮಾರದಿಂದ ಕೀಳ್ತಿವ್ನಿ. ಇದು ಆರ್ನೇ ಮೂಟೆ.”

ಸುಮತಿ ಚೀಲದಿಂದ ಒಂದು ಗೊಂಚಲು ಎತ್ತಿಕೊಂಡಳು. ಮೆಟ್ಟಿಲ ಮೇಲೆ ಕೂತು, ಟೈಪು ಮಾಡಿದ ಪತ್ರವನ್ನು ಬೆನ್ನು ಮೇಲಾಗಿಸಿ, ಖಾಲಿ ಬದಿಯಲ್ಲಿ ಬರೆದಳು.

‘19 ಫೆಬ್ರವರಿ 2007, ಕುಂಭ 7. ಕೇಂದ್ರದ ಅಂಗಳದ ಕಕ್ಕೆ ಮರ ಪೂರ್ತಿ ಅರಳಿದೆ. ಆದೇಶದ ಮೇರೆಗೆ ಹೂವು ಕೀಳಲಾಗುತ್ತಿದೆ, ಈವರೆಗೆ ಆರು ಮೂಟೆ. ಹೋದ ವರ್ಷ ಕುಂಭ 8ರಂದು ಹದಿನೇಳನೇ ಮರ ಅರಳಿದ್ದನ್ನು ನೋಡಿದವಳು ನಾನು. ಅದು ಕಕ್ಕೆ. ಲಗತ್ತು: ಹೂಗೊಂಚಲು ಒಂದು.’

“ನನ್ನ ಎಸ್ರು ಬರೀಬ್ಯಾಡಿ ಕಣವ್ವಾ,” ಎಂದ ಕೆಂಪಣ್ಣ. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೂ ಅರ್ಥವಾಗಿತ್ತು.

“ಬರೆದಿಲ್ಲ.”

ಒಂದು ರಾತ್ರಿ ಊಟದಲ್ಲಿ ಅಜಿತ್ ಹೇಳಿದ್ದ: ಕಚೇರಿಯಲ್ಲಿ ಯಾರೂ ಏನನ್ನೂ ಓದುವುದಿಲ್ಲ, ಆದರೆ ಟಪಾಲು ವಿಭಾಗದಲ್ಲಿ ಮೊಹರು ಬಿದ್ದು ಆವಕ ನಂಬರು ಹತ್ತಿದ ಕಾಗದವನ್ನು ಬ್ರಹ್ಮ ಬಂದರೂ ಹರಿದು ಹಾಕಲಾರ. ಅವಳು ಆಗ ಆಕಳಿಸಿದ್ದಳು. ಕೇಳಿಸಿಕೊಂಡಿದ್ದಳು ಎನ್ನುವುದು ಈಗ ಗೊತ್ತಾಯಿತು.

ಟಪಾಲಿನ ಗುಮಾಸ್ತ ನೇಂದ್ರ ಬಾಳೆಯ ಚಿಪ್ಸು ತಿನ್ನುತ್ತಿದ್ದ. ಒಂದೇ ಕೈಯಲ್ಲಿ ಕಾಗದ ಎಳೆದುಕೊಂಡು ಮೊಹರು ಒತ್ತಿದ. 19 FEB 2007, ನೀಲಿ, ಸ್ಪಷ್ಟ.

“ಲಗತ್ತು?”

“ಹೂವು.”

ಅವನು ತಲೆ ಎತ್ತಲಿಲ್ಲ. ರಿಜಿಸ್ಟರಿನಲ್ಲಿ ‘ಹೂವು, ಒಂದು’ ಎಂದು ಬರೆದುಕೊಂಡ. ಕಾಗದವನ್ನೂ ಗೊಂಚಲನ್ನೂ ಸೇರಿಸಿ ಗುಂಡುಸೂಜಿ ಚುಚ್ಚಿದ. ನಂಬರು ಹಾಕಿದ ರಸೀದಿ ಕೊಟ್ಟ. ನಾಲ್ಕು ದಳ ಅವನ ಚಿಪ್ಸಿನ ಪೊಟ್ಟಣದ ಮೇಲೆ ಉದುರಿದವು. ಊದಿ ಹಾರಿಸಿದ.

ಸುಮತಿ ಮತ್ತೆ ಆ ಪರದೆಯ ಕೋಣೆಗೆ ಹೋಗಲಿಲ್ಲ. ರೈಲು ಕೊಲ್ಲಂ ದಾಟುವವರೆಗೂ ಅವಳ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು.

ನೌಕರಿಯ ಆದೇಶ ಬರಲಿಲ್ಲ. ಅತ್ತೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಕಾಫಿ ಕೊಟ್ಟರು, ಸಕ್ಕರೆ ಹಾಕದೆ. ಮಾರ್ಚಿನಲ್ಲಿ ಕಾಕ್ಕನಾಡಿನ ಕೆಲಸವೂ ಮುಗಿಯಿತು. ವಿಷುವಿನ ದಿನದ ಪತ್ರಿಕೆಯಲ್ಲಿ ಪುಸ್ತಕ ಬಿಡುಗಡೆಯ ಚಿತ್ರ ಬಂತು. ಅನಂತರಾಮರು ಜರಿ ಶಾಲು ಹೊದ್ದು ನಿಂತಿದ್ದರು. ಹಿಂದೆ ಕಕ್ಕೆ ಮರ, ಮೈತುಂಬ ಸೊಪ್ಪು. ಕೊಂಬೆಗಳಿಗೆ ಪ್ಲಾಸ್ಟಿಕ್ ಹೂಗಳನ್ನು ದಾರದಲ್ಲಿ ಕಟ್ಟಿದ್ದು ಕಪ್ಪು ಬಿಳುಪಿನಲ್ಲೂ ಕಾಣುತ್ತಿತ್ತು. ಗಂಡನ ಹೆಣದ ಮೇಲೆ ಬಂದು ಹೋದ ಹೂಗಳೇ ಇರಬಹುದು, ಸರ್ಕಾರದ್ದು ಏನೂ ವ್ಯರ್ಥವಾಗುವುದಿಲ್ಲ.

ಅದಾಗಿ ವಾರಕ್ಕೆ ಕೇಂದ್ರದಿಂದ ಲಕೋಟೆ ಬಂತು. ಅನಂತರಾಮರ ಸಹಿಯಲ್ಲ, ಕೆಳಗಿನ ಯಾರದೋ. ಸುಮತಿ ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದಳು: “‘ಹೂವಿನ ಸಮೇತ ಬಂದ ನಿಮ್ಮ 19-2-2007ರ ಪತ್ರಕ್ಕೆ ಸಂಬಂಧಿಸಿ. ಲಗತ್ತಿಸಿದ ಹೂವು ಕಡತದಲ್ಲಿ ಕಂಡುಬರುತ್ತಿಲ್ಲ. ದೆಹಲಿಗೆ ಉತ್ತರಿಸಬೇಕಾಗಿರುವುದರಿಂದ, ಅದೇ ಜಾತಿಯ ಇನ್ನೊಂದು ಹೂವನ್ನು ಕೂಡಲೇ ಕಳುಹಿಸಿಕೊಡುವುದು.’”

“ಫೆಬ್ರವರಿ ಹತ್ತೊಂಬತ್ತು ಅಂತ ಅವರೇ ಬರೆದಿದ್ದಾರಾ?”

“ಅವರೇ. ಹೂವಿನ ಸಮೇತ ಅಂತ.”

“ಈಗ ಹೂ ಕೇಳ್ತಾರಾ? ಈಗ?” ದಾಕ್ಷಾಯಣಿ ನಗತೊಡಗಿದರು. ಮಗ ಸತ್ತ ಮೇಲೆ ಮೊದಲ ಸಲ. ಅದು ಒಳ್ಳೆಯ ನಗೆಯಾಗಿರಲಿಲ್ಲ, ಉಗುಳಿದ ಹಾಗಿತ್ತು. ಮುಖ ಒರೆಸಿಕೊಂಡು ಕೇಳಿದರು, “ನೀನು ನೋಡಿದ ಆ ಮರ ಎಲ್ಲುಂಟು?”

ಕೆರೆಯ ದಂಡೆಯವರೆಗೆ ಇಬ್ಬರೂ ನಡೆದು ಹೋದರು. ಹದಿನೇಳನೇ ನಂಬರಿನ ತಗಡು ಮೊಳೆ ಸಮೇತ ಅಲ್ಲೇ ಇತ್ತು. ಹೂವಿನ ಸುಳಿವಿಲ್ಲ. ಎಲೆ ದಟ್ಟವಾಗಿತ್ತು, ನಡುನಡುವೆ ಹಸಿರು ಕಾಯಿಗಳು ಮೊಳದುದ್ದ ಇಳಿಬಿದ್ದಿದ್ದವು. ಸುಮತಿ ನೋಟುಬುಕ್ಕು ತೆರೆದು ಕಾಯಿ, ಎಲೆ ಎರಡೂ ಕಾಲಮ್ಮುಗಳನ್ನು ತುಂಬಿಸಿದಳು. ಅತ್ತೆ ಕೈಗೆಟಕಿದ ಒಂದು ಎಲೆ ಕಿತ್ತು ಲಕೋಟೆಗೆ ಹಾಕಲು ಕೊಟ್ಟರು.

‘ಹೂವು ಮುಗಿದಿದೆ. ಲಗತ್ತು: ಎಲೆ ಒಂದು,’ ಎಂದು ಬರೆದಳು ಸುಮತಿ. ಬೇಕಿದ್ದರೆ ಮುಂದಿನ ಕುಂಭದಲ್ಲಿ ಬಂದು ನೋಡಿಕೊಳ್ಳಿ ಎಂದು ಸೇರಿಸಹೋದವಳು ಅಲ್ಲಿಗೇ ನಿಲ್ಲಿಸಿದಳು. ಮುಂದಿನ ವರ್ಷ ಈ ಮರ ಯಾವಾಗ ಅರಳುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅದನ್ನು ನೋಡಿಯೇ ಬರೆಯಬೇಕು.